ರವಿಕೆಯ ಪೇಪರಿನಿಂದ ಚೂಡಿದಾರ್ ಟಾಪ್: ಹತ್ತನೇ ತರಗತಿಯ ಒಂದು ಗಣಿತ ಪಾಠ

ಹತ್ತನೇ ತರಗತಿಯ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ ನಮ್ಮಲ್ಲಿ ಗಣಿತ ಬೋಧನಾ ವಿಷಯವಾಗಿರುವ ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಪಾಠ ಮಾಡುವ ಘಟಕ. ಪಠ್ಯಪುಸ್ತಕದಲ್ಲಿ ಅಖಿಲಾ ಎಂಬ ಹುಡುಗಿ ಜಾತ್ರೆಗೆ ಹೋಗುತ್ತಾಳೆ. ಅವಳು ಖರ್ಚು ಮಾಡಿದ ಹಣದಿಂದ, ಜೈಂಟ್ ವ್ಹೀಲ್ ಎಷ್ಟು ಸಲ ಹತ್ತಿದಳು, ಆಟ ಎಷ್ಟು ಸಲ ಆಡಿದಳು ಎಂದು ನಾವು ಕಂಡುಹಿಡಿಯಬೇಕು. ಮಕ್ಕಳು ಕಂಡುಹಿಡಿಯುತ್ತಾರೆ. ಆದರೆ ಉತ್ತರ ಬಂದ ಮೇಲೆ ತರಗತಿಯಲ್ಲಿ ಏನೂ ಉಳಿಯುವುದಿಲ್ಲ. ಎಷ್ಟು ಸಲ ಹತ್ತಿದೆನೆಂದು ಅಖಿಲಾಳಿಗೆ ಮೊದಲೇ ಗೊತ್ತು. ನಮಗೆ ಅದು ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎರಡು ರೇಖೆಗಳು ಸೇರುವ ಬಿಂದುವಿನಲ್ಲಿ ಯಾರಿಗಾದರೂ ನಿಜವಾಗಿ ಬೇಕಾದ ಸಂಗತಿ ಇರುವಂಥ ಸಂದರ್ಭ ನಮ್ಮ ಊರಿನಲ್ಲೇ ಸಿಕ್ಕೀತೇ ಎಂದು ಹುಡುಕುತ್ತಿದ್ದಾಗ ಅದು ಸಿಕ್ಕಿದ್ದು ಹೊಲಿಗೆ ಅಂಗಡಿಯಲ್ಲಿ.

ಇಂಟರ್ನ್‌ಷಿಪ್‌ಗೆ ನನಗೆ ಹಂಚಿಕೆಯಾಗಿದ್ದು ಹುಲ್ಲಹಳ್ಳಿಯ ಒಂದು ಪ್ರೌಢಶಾಲೆ. ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆ ಮಕ್ಕಳ ಕೈಗೆ ಬಂದ ವಾರ ಊರಿನ ಟೈಲರ್‌ಗಳಿಗೆ ಬಿಡುವೇ ಇರುವುದಿಲ್ಲ. ಪ್ರೌಢಶಾಲೆಯ ಹುಡುಗಿಯರಿಗೆ ಚೂಡಿದಾರ್. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುವ ಎಷ್ಟೋ ಹೆಂಗಸರು ವರ್ಷವಿಡೀ ಹೊಲಿಯುವುದು ರವಿಕೆಯನ್ನೇ. ಅವರ ಬಳಿ ಗೋಡೆಯ ಮೊಳೆಗೆ ನೇತುಹಾಕಿದ ಪೇಪರ್ ಕಟಿಂಗ್‌ಗಳೂ ರವಿಕೆಯವೇ. ಆ ವಾರ ಅವರು ರವಿಕೆಯ ಪೇಪರನ್ನೇ ಇಟ್ಟುಕೊಂಡು ಚೂಡಿದಾರ್ ಟಾಪ್ ಕತ್ತರಿಸುತ್ತಾರೆ. ನಮ್ಮ ಬೀದಿಯಲ್ಲಿ ಹೊಲಿಯುವ ಅಕ್ಕನನ್ನು ಅದು ಹೇಗೆಂದು ಕೇಳಿದೆ. “ಭುಜಕ್ಕೆ ಕೈ ಹಾಕ್ಬೇಡ, ಮಿಕ್ಕಿದ್ದೆಲ್ಲ ಲೆಕ್ಕ” ಎಂದರು. ನನ್ನ ಮೂರು ಅವಧಿಗಳ ಪಾಠ ಈ ಮಾತಿನಿಂದ ಹುಟ್ಟಿತು.

ಏನು ಉಳಿಯುತ್ತದೆ, ಏನು ಬದಲಾಗುತ್ತದೆ

ಅಕ್ಕ ಮಾಡಿ ತೋರಿಸಿದ್ದನ್ನು ಮೊದಲು ಹೇಳುತ್ತೇನೆ. ರವಿಕೆಗೆ ಮುಂಭಾಗ, ಹಿಂಭಾಗ ಎಂದು ಬೇರೆ ಬೇರೆ ಪೇಪರ್ ಇರುತ್ತದೆ. ಟಾಪ್‌ಗೆ ಅವರು ತೆಗೆದುಕೊಂಡಿದ್ದು ಹಿಂಭಾಗದ ಪೇಪರನ್ನು. ಮುಂಭಾಗದ ಪೇಪರಿನಲ್ಲಿ ಟಕ್ಸ್ ಹಿಡಿಯಲು ಹೆಚ್ಚುವರಿ ಬಟ್ಟೆ ಸೇರಿರುತ್ತದೆ. ವೃತ್ತಾಕಾರದ ಕಾಗದದಿಂದ ಒಂದು ತ್ರಿಜ್ಯಾಂತರ ಖಂಡ ಕತ್ತರಿಸಿ ಅಂಚುಗಳನ್ನು ಸೇರಿಸಿದರೆ ಚಪ್ಪಟೆ ಕಾಗದ ಶಂಕುವಾಗುತ್ತದೆ; ಟಕ್ಸ್ ಮಾಡುವುದೂ ಅದನ್ನೇ. ಸಡಿಲವಾದ ಸಮವಸ್ತ್ರದ ಟಾಪ್‌ಗೆ ಅದು ಬೇಡವಾದ್ದರಿಂದ ಆ ಪೇಪರ್ ಪಕ್ಕಕ್ಕೆ ಹೋಯಿತು.

ಹಿಂಭಾಗದ ಪೇಪರನ್ನು ಮಡಿಸಿದ ಬಟ್ಟೆಯ ಮೇಲಿಟ್ಟು ಭುಜದ ಗೆರೆಯನ್ನು ಇದ್ದಂತೆಯೇ ಎಳೆದರು. ಕತ್ತು ಅವರವರ ಇಷ್ಟ. ಎದೆಯ ಬಳಿ ಅಗಲ ಹೆಚ್ಚಿಸಿದರು: ರವಿಕೆಗೆ ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗಕ್ಕೆ ಅರ್ಧ ಇಂಚು ಕೂಡಿಸಿದ್ದರೆ ಟಾಪ್‌ಗೆ ಒಂದು ಇಂಚು. 32 ಇಂಚಿನ ಅಳತೆಗೆ ರವಿಕೆಯಲ್ಲಿ 8½, ಟಾಪ್‌ನಲ್ಲಿ 9. ಕಂಕುಳವನ್ನು ಅರ್ಧ ಇಂಚು ಕೆಳಗಿಳಿಸಿದರು. ಸೊಂಟದಿಂದ ಕೆಳಗೆ ಗೆರೆಯನ್ನು ಹೊರಕ್ಕೆ ಓರೆಯಾಗಿಸಿ ಮೊಣಕಾಲಿನವರೆಗೆ ಎಳೆದು, ಪಕ್ಕದ ಸೀಳಿಗೆ ಗುರುತು ಹಾಕಿದರು. ಹೊಲಿಗೆಗೆ ಬಿಡುವ ಅಂಚು ಇವೆಲ್ಲದರ ಹೊರಗೆ. ಟೈಲರ್‌ನಿಂದ ಟೈಲರ್‌ಗೆ ಈ ಲೆಕ್ಕ ಕಾಲು, ಅರ್ಧ ಇಂಚು ಆಚೀಚೆ ಇರುತ್ತದೆ. ಆದರೆ ಯಾರೂ ಭುಜವನ್ನು ಅಗಲ ಮಾಡುವುದಿಲ್ಲ. ಬಟ್ಟೆ ನಿಲ್ಲುವುದೇ ಅಲ್ಲಿ. ಅದು ಜಾರಿದರೆ ಕೆಳಗೆ ಎಷ್ಟು ಚೆಂದ ಹೊಲಿದರೂ ಪ್ರಯೋಜನವಿಲ್ಲ.

ಅಳತೆ ಎಲ್ಲಿಂದ ತರುವುದು?

ಪಾಠ ಯೋಜನೆ ಬರೆಯುವಾಗ ಮೊದಲು ತೀರ್ಮಾನಿಸಬೇಕಾಗಿದ್ದು ಇದನ್ನು. ಹುಡುಗ ಹುಡುಗಿಯರು ಒಟ್ಟಿಗೆ ಕೂರುವ ಹತ್ತನೇ ತರಗತಿಯಲ್ಲಿ ಟೇಪು ಹಿಡಿದು ಮಕ್ಕಳ ಎದೆ ಸುತ್ತಳತೆ ತೆಗೆಯುವುದು ಸರಿಯಲ್ಲ. ಆ ವಯಸ್ಸಿನ ಮಕ್ಕಳು ತಮ್ಮ ದೇಹದ ಸಂಖ್ಯೆ ಹಲಗೆಯ ಮೇಲೆ ಬರುವುದನ್ನು ಮರೆಯುವುದಿಲ್ಲ. ಇದಕ್ಕೂ ಹೊಲಿಗೆಯವರ ರೂಢಿಯೇ ದಾರಿ ತೋರಿತು. ನಮ್ಮ ಕಡೆ ಹೆಂಗಸರು ಟೈಲರ್‌ಗೆ ಅಳತೆ ಕೊಡುವುದು ಮೈಯಿಂದಲ್ಲ, ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯಿಂದ. ಅದಕ್ಕೆ ಅಳತೆ ರವಿಕೆ ಎಂದೇ ಹೆಸರು. ನಾನೂ 28ರಿಂದ 40 ಇಂಚಿನವರೆಗಿನ ನಾಲ್ಕು ಹಳೆಯ ಉಡುಪುಗಳನ್ನು ಹೊಲಿಗೆಯವರಿಂದ ಕೇಳಿ ತಂದು, ಬೆಂಚಿನ ಮೇಲೆ ಹಾಸಿ ಅಳೆಯಲು ಕೊಟ್ಟೆ. ಯಾವುದರ ಮೇಲೂ ಯಾರ ಹೆಸರೂ ಇರಲಿಲ್ಲ. ದೇಹದ ಅಳತೆ ಬೇಕಾಗುವ ಚಟುವಟಿಕೆ ಮಾಡಿಸುವ ಗೆಳೆಯರು ಇದನ್ನು ಗಮನಿಸಬಹುದು.

ಹೊಲಿಗೆ ಎಂದರೆ ಹುಡುಗಿಯರ ಪಾಠವೆಂದು ಹುಡುಗರು ಹಿಂದೆ ಸರಿದಾರು ಎಂಬ ಶಂಕೆಯೂ ಇತ್ತು. ಹಾಗಾಗಲಿಲ್ಲ. ಪ್ಯಾಂಟು ಶರಟು ಹೊಲಿಯುವ ಅಂಗಡಿಗಳಲ್ಲಿ ಕತ್ತರಿ ಹಿಡಿಯುವವರು ಹೆಚ್ಚಾಗಿ ಗಂಡಸರೇ. ಒಬ್ಬ ಹುಡುಗನ ಮಾವನದೇ ಅಂಗಡಿ ಇತ್ತು.

ಎರಡು ಮನೆಯ ಎರಡು ಲೆಕ್ಕ

ಮೊದಲ ಅವಧಿಯ ಹಿಂದಿನ ದಿನ ಮಕ್ಕಳಿಗೆ ಒಂದೇ ಕೆಲಸ ಕೊಟ್ಟಿದ್ದೆ: ಗೊತ್ತಿರುವ ಟೈಲರ್ ಹತ್ತಿರ, ಎದೆಯ ಅಳತೆ ಗೊತ್ತಿದ್ದರೆ ಕಂಕುಳದ ಆಳ ಹೇಗೆ ಲೆಕ್ಕ ಹಾಕುತ್ತೀರಿ ಎಂದು ಕೇಳಿಕೊಂಡು ಬನ್ನಿ. ಭುಜದಿಂದ ಕಂಕುಳದ ಗೆರೆಯವರೆಗಿನ ಈ ಆಳ ಬಿಗಿಯಾದರೆ ಕೈ ಎತ್ತಲಾಗುವುದಿಲ್ಲ, ಹೆಚ್ಚಾದರೆ ಜೋಲುತ್ತದೆ.

ಮರುದಿನ ಎರಡು ಉತ್ತರಗಳು ಬಂದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: “ನಮ್ಮಮ್ಮ ಎಂಟರಲ್ಲಿ ಒಂದು ಪಾಲು ತಗೊಂಡು ಎರಡೂವರೆ ಸೇರಿಸ್ತಾರೆ ಮಿಸ್.” ಆ ಹುಡುಗಿ ಸಂಜೆ ಅಮ್ಮನ ಜೊತೆ ಕೂತು ಹೆಮ್ಮಿಂಗ್ ಮಾಡುತ್ತಾಳೆ, ಹುಕ್ಕು ಹಾಕುತ್ತಾಳೆ. ಗಣಿತದ ಅವಧಿಯಲ್ಲಿ ಅವಳ ದನಿಯನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ. ಟೈಲರ್ ಮಾವನಿರುವ ಹುಡುಗ ಒಪ್ಪಲಿಲ್ಲ: “ಇಲ್ಲ ಮಿಸ್, ನಾಕರಲ್ಲಿ ಒಂದು ಪಾಲು, ಅದ್ರಲ್ಲಿ ಒಂದೂವರೆ ತೆಗೀಬೇಕು.”

ಎದೆ ಸುತ್ತಳತೆಯನ್ನು ‘ಎ’ ಎಂದೂ ಕಂಕುಳದ ಆಳವನ್ನು ‘ಕ’ ಎಂದೂ ಕರೆದು ಎರಡನ್ನೂ ಹಲಗೆಯ ಮೇಲೆ ಬರೆದೆವು.

ಕ = ಎ/8 + 2½
ಕ = ಎ/4 − 1½

ಯಾರ ಲೆಕ್ಕ ಸರಿ? ತರಗತಿ ಎರಡು ಪಕ್ಷವಾಯಿತು. 32 ಹಾಕಿ ನೋಡಿ ಎಂದೆ. ಎರಡರಲ್ಲೂ 6½ ಬಂತು. ಎರಡೂ ಒಂದೇ ಎಂದು ಹಲವರು ಪುಸ್ತಕ ಮುಚ್ಚುವುದರಲ್ಲಿದ್ದರು. ಆಗ ಆ ಹುಡುಗಿಯೇ, “ಒಂದಕ್ಕೆ ನೋಡಿದ್ರೆ ಆಗಲ್ಲ ಮಿಸ್, ದಪ್ಪಗಿರೋರಿಗೂ ನೋಡ್ಬೇಕು” ಎಂದಳು. ಕೋಷ್ಟಕ ಹೀಗೆ ಬಂತು: 24 ಇಂಚಿಗೆ ಮೊದಲ ಲೆಕ್ಕದಲ್ಲಿ 5½, ಎರಡನೆಯದರಲ್ಲಿ 4½. 28ಕ್ಕೆ 6 ಮತ್ತು 5½. 36ಕ್ಕೆ 7 ಮತ್ತು 7½. 40ಕ್ಕೆ 7½ ಮತ್ತು 8½.

ನಕ್ಷೆ ಎಳೆದಾಗ ಎರಡು ಸರಳರೇಖೆಗಳು 32ರಲ್ಲಿ ಮಾತ್ರ ಛೇದಿಸಿದವು. ಬಿಡಿಸಿ ಬರೆದರೆ ಎ − 8ಕ + 20 = 0 ಮತ್ತು ಎ − 4ಕ − 6 = 0. ಆದೇಶ ವಿಧಾನ, ವರ್ಜಿಸುವ ವಿಧಾನ ಎರಡರಲ್ಲೂ ಎ = 32, ಕ = 6½. ‘ಏಕೈಕ ಪರಿಹಾರ’ ಎಂಬ ಮಾತಿಗೆ ಇಲ್ಲಿ ಒಂದು ಅರ್ಥ ಸಿಕ್ಕಿತು: ಇಬ್ಬರು ಟೈಲರ್‌ಗಳೂ ಒಪ್ಪುವ ಒಂದೇ ಒಂದು ಅಳತೆ ಅದು. ಅದಕ್ಕಿಂತ ಸಣ್ಣ ಅಳತೆಗೆ ನಾಲ್ಕರ ಲೆಕ್ಕ ಬಿಗಿಯಾಗುತ್ತದೆ, ದೊಡ್ಡ ಅಳತೆಗೆ ಜೋಲುತ್ತದೆ. ತಂದಿದ್ದ ಉಡುಪುಗಳನ್ನು ಮಕ್ಕಳು ಬೆಂಚಿನ ಮೇಲೆ ಅಳೆದು ನೋಡಿದರು. ದೊಡ್ಡ ಅಳತೆಯ ರವಿಕೆ ಎಂಟರ ಲೆಕ್ಕಕ್ಕೇ ಹತ್ತಿರವಿತ್ತು. “ಮಾವ ದೊಡ್ಡ ಸೈಜಿಗೆ ಆಮೇಲೆ ಕಣ್ಣಂದಾಜಲ್ಲಿ ಕಮ್ಮಿ ಮಾಡ್ತಾರೆ” ಎಂದು ಆ ಹುಡುಗ ತಾನಾಗಿಯೇ ಹೇಳಿದ. ಅನುಭವಸ್ಥರ ಸೂತ್ರ ಅವರ ಕೈಗೆ ಹೆಚ್ಚಾಗಿ ಬರುವ ಅಳತೆಗಳ ಸುತ್ತ ಸರಿಯಾಗಿರುತ್ತದೆ. ದೂರ ಹೋದಂತೆ ಕಣ್ಣು ಅದನ್ನು ತಿದ್ದುತ್ತದೆ.

ಸಮಾಂತರ ರೇಖೆಗೂ ಒಂದು ಅರ್ಥ

ಎರಡನೆಯ ಅವಧಿಯಲ್ಲಿ ರವಿಕೆಯನ್ನು ಟಾಪ್ ಮಾಡಿದೆವು. ಟಾಪ್‌ಗೆ ಕಂಕುಳ ಅರ್ಧ ಇಂಚು ಕೆಳಗಿಳಿಯಬೇಕು. ಹಾಗಾದರೆ ಎಂಟರ ಲೆಕ್ಕ ಹೇಗೆ ಬದಲಾಗುತ್ತದೆ? ಕ = ಎ/8 + 3. ಅದೇ ಹಾಳೆಯ ಮೇಲೆ ಈ ರೇಖೆಯನ್ನೂ ಎಳೆದರು. ರವಿಕೆಯ ರೇಖೆಗೂ ಟಾಪ್‌ನ ರೇಖೆಗೂ ನಡುವೆ ಎಲ್ಲ ಕಡೆ ಅರ್ಧ ಇಂಚು. ಅವು ಸೇರುವುದೇ ಇಲ್ಲ.

ಸಹಗುಣಕಗಳ ಅನುಪಾತ ಸಮವಾಗಿದ್ದು ಸ್ಥಿರಾಂಕಗಳ ಅನುಪಾತ ಬೇರೆಯಾದರೆ ಪರಿಹಾರವಿಲ್ಲ ಎಂದು ಪಠ್ಯದಲ್ಲಿದೆ. ಆ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಅದರ ಅರ್ಥ, ರವಿಕೆಯ ಕಂಕುಳ ಇದ್ದಂತೆಯೇ ಟಾಪ್‌ಗೆ ಸರಿಹೋಗುವ ಅಳತೆ ಲೋಕದಲ್ಲಿ ಒಂದೂ ಇಲ್ಲ ಎಂದು.

ನನಗೆ ಈ ಪಾಠದ ತಿರುಳಾಗಿ ಕಂಡಿದ್ದು ಇದೇ ಜಾಗ. ಎಂಟರಲ್ಲಿ ಒಂದು ಪಾಲು ಎನ್ನುವುದು ದೇಹಕ್ಕೆ ಸೇರಿದ್ದು. ಎದೆ ಹೆಚ್ಚಿದಂತೆ ಕಂಕುಳ ಎಷ್ಟು ಹೆಚ್ಚಬೇಕು ಎಂದು ಅದು ಹೇಳುತ್ತದೆ. ಕೂಡಿಸುವ ಎರಡೂವರೆ ಅಥವಾ ಮೂರರ ನಡುವಿನ ವ್ಯತ್ಯಾಸ ಉಡುಪಿಗೆ ಸೇರಿದ್ದು. ಅದು ಎಷ್ಟು ಸಡಿಲ ಬೇಕೆಂದು ಹೇಳುತ್ತದೆ. ಉಡುಪು ಬದಲಿಸುವ ಟೈಲರ್ ಸಹಗುಣಕವನ್ನು ಮುಟ್ಟುವುದಿಲ್ಲ, ಸ್ಥಿರಾಂಕವನ್ನು ಬದಲಿಸುತ್ತಾಳೆ. ಒಂದು ಪೇಪರಿನಿಂದ ಇನ್ನೊಂದು ಉಡುಪು ಹುಟ್ಟುವುದು ಹೀಗೆ.

ಇಷ್ಟಾದ ಮೇಲೆ ಒಬ್ಬ ಹುಡುಗ, “ಸೈಜ್ ದೊಡ್ಡದು ಬೇಕಾದ್ರೆ ಪೇಪರನ್ನ ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿದ್ರೆ ಸಾಕಲ್ವಾ ಮಿಸ್?” ಎಂದ. ಯೋಜನೆಯಲ್ಲಿ ಇರದಿದ್ದ ಈ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟೆವು. 32ರ ಪೇಪರನ್ನು 40ಕ್ಕೆ ಹಿಗ್ಗಿಸಿದರೆ ಎಲ್ಲವೂ 5/4 ಪಟ್ಟಾಗುತ್ತದೆ. ಕಂಕುಳ 6½ ಇದ್ದದ್ದು 8⅛ ಆಗುತ್ತದೆ. ಎಂಟರ ಸೂತ್ರ ಹೇಳುವುದು 7½. ಐದು ಎಂಟಾಂಶ ಇಂಚು ಹೆಚ್ಚು ಬಂದಿದ್ದೆಲ್ಲಿಂದ? ಕೂಡಿಸಿದ ಎರಡೂವರೆಯೂ 5/4 ಪಟ್ಟು ಹಿಗ್ಗಿ 3⅛ ಆಯಿತು; ವ್ಯತ್ಯಾಸ ಸರಿಯಾಗಿ ಐದು ಎಂಟಾಂಶ. ಜೆರಾಕ್ಸ್ ಸಮರೂಪ ಆಕೃತಿ ಕೊಡುತ್ತದೆ, ಆದರೆ ಸಣ್ಣ ರವಿಕೆ ಮತ್ತು ದೊಡ್ಡ ರವಿಕೆ ಸಮರೂಪಗಳಲ್ಲ. ಸಮರೂಪ ತ್ರಿಭುಜಗಳ ಘಟಕ ಕಲಿಸುವವರಿಗೆ, ಸಮರೂಪ ಅಲ್ಲದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದೇ ಪೇಪರಿನಿಂದ ಫ್ರಾಕ್

ಮೂರನೆಯ ಅವಧಿ ವಿಸ್ತರಣೆಯ ಹಂತ. ರವಿಕೆಯ ಪೇಪರನ್ನು ಸೊಂಟಕ್ಕೆ ನಿಲ್ಲಿಸಿ ಕೆಳಗೆ ಅಂಬ್ರೆಲಾ ಸೇರಿಸಿದರೆ ಫ್ರಾಕ್. ಸೊಂಟ 28 ಇಂಚು, ಕೆಳಗಿನ ಉದ್ದ 30 ಇಂಚು ಎಂದಿಟ್ಟುಕೊಂಡೆವು. ಅರ್ಧ ವೃತ್ತದ ಅಂಬ್ರೆಲಾಗೆ ಒಳಗಿನ ಕಂಸದ ಉದ್ದ 28 ಆಗಬೇಕು. 28ನ್ನು ಪೈಯಿಂದ ಭಾಗಿಸಿದರೆ ತ್ರಿಜ್ಯ ಸುಮಾರು 9 ಇಂಚು. ಪೂರ್ಣ ವೃತ್ತಕ್ಕೆ ಅದರ ಅರ್ಧ, ಸುಮಾರು 4½.

ಘೇರು ಎರಡು ಪಟ್ಟಾದರೆ ಬಟ್ಟೆಯೂ ಎರಡು ಪಟ್ಟು ಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ಬೇರೆ ಹೇಳಿತು. ಅಂಗಡಿಯವರು ಪನ್ನ ಎನ್ನುವ ಬಟ್ಟೆಯ ಅಗಲ 44 ಇಂಚು ಇದ್ದರೆ, ಅರ್ಧ ವೃತ್ತದ ಹೊರ ತ್ರಿಜ್ಯ 39 ಅದರೊಳಗೆ ಕೂರುತ್ತದೆ. ಉದ್ದ 78 ಇಂಚು, ಅಂದರೆ ಸುಮಾರು 2 ಮೀಟರ್. ಪೂರ್ಣ ವೃತ್ತಕ್ಕೆ ಹೊರ ತ್ರಿಜ್ಯ 34½. ಎರಡು ಅರ್ಧಗಳಾಗಿ ಕತ್ತರಿಸಿದರೆ 69 ಮತ್ತು 69, ಒಟ್ಟು 138 ಇಂಚು, ಸುಮಾರು 3½ ಮೀಟರ್. ನಡುವಿನ ತೂತು ಚಿಕ್ಕದಾದಷ್ಟೂ ಹೊರ ವೃತ್ತವೂ ಒಳಕ್ಕೆ ಸರಿಯುತ್ತದೆ. ಹೊಲಿಗೆಯವರು ಇಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ: ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದುಕೊಳ್ಳುವುದರಿಂದ ತ್ರಿಜ್ಯವನ್ನು ಲೆಕ್ಕಕ್ಕಿಂತ ತುಸು ಕಡಿಮೆಯೇ ಇಡಬೇಕು. ಪುಸ್ತಕದ ವೃತ್ತ ಎಳೆಯುವುದಿಲ್ಲ, ಬಟ್ಟೆಯ ವೃತ್ತ ಎಳೆಯುತ್ತದೆ.

ಹೊಲಿಗೆ ತರಗತಿಯೋ, ಗಣಿತ ತರಗತಿಯೋ

ವೀಕ್ಷಣೆಗೆ ಬಂದಿದ್ದ ನಮ್ಮ ಮಾರ್ಗದರ್ಶಕರು ಮೊದಲ ಅವಧಿಯ ನಂತರ ಪುಸ್ತಕದಲ್ಲಿ ಹೀಗೆ ಬರೆದರು: “ಗಣಿತ ಬಟ್ಟೆಯ ಕೆಳಗೆ ಮುಚ್ಚಿಹೋಗದಂತೆ ನೋಡಿಕೊಳ್ಳಿ.” ಈ ಎಚ್ಚರಿಕೆ ಬೇಕಾದದ್ದೇ. 40 ನಿಮಿಷದಲ್ಲಿ ಕತ್ತರಿ, ಟೇಪು, ಬಟ್ಟೆ ಎಲ್ಲ ಹರಡಿ ಮಕ್ಕಳು ಖುಷಿಪಟ್ಟು ಸಮೀಕರಣ ಬಿಡಿಸದೆಯೇ ಗಂಟೆ ಹೊಡೆಯಬಹುದು. ಅದಕ್ಕಾಗಿಯೇ ನಾನು ತರಗತಿಯಲ್ಲಿ ಬಟ್ಟೆ ಕತ್ತರಿಸಲಿಲ್ಲ. ಉಡುಪುಗಳನ್ನು ಅಳೆಯುವುದು, ಹಳೆಯ ದಿನಪತ್ರಿಕೆಯ ಮೇಲೆ ಗೆರೆ ಎಳೆಯುವುದು, ನಕ್ಷಾ ಹಾಳೆ ಇಷ್ಟೇ. ಪ್ರತಿ ಅವಧಿಯ ಕೊನೆಯ ಹತ್ತು ನಿಮಿಷ ಪಠ್ಯಪುಸ್ತಕದ ಎರಡು ಲೆಕ್ಕಗಳಿಗೆ ಮೀಸಲು. ಪರೀಕ್ಷೆಯಲ್ಲಿ ಬರುವುದು ಅಖಿಲಾಳ ಜಾತ್ರೆಯಂಥ ಪ್ರಶ್ನೆಯೇ ಹೊರತು ಅಕ್ಕನ ರವಿಕೆಯಲ್ಲ.

ಈ ಪ್ರಶ್ನೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ, ಜಾಕಿರ್ ಹುಸೇನ್ ಸಮಿತಿ ರೂಪ ಕೊಟ್ಟ ಮೂಲಶಿಕ್ಷಣದ ನಡುವೆ ಇದ್ದದ್ದೂ ಇದೇ: ಕಸುಬು ಪಾಠಕ್ಕೆ ಅಲಂಕಾರವೋ, ಪಾಠ ಹುಟ್ಟುವ ಜಾಗವೋ? ಗಾಂಧೀಜಿ ಭೇಟಿ ಕೊಟ್ಟಿದ್ದ, 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ ಬದನವಾಳು ನಮ್ಮ ನಂಜನಗೂಡು ತಾಲ್ಲೂಕಿನಲ್ಲೇ ಇದೆ. ಬಿ.ಇಡಿ. ಪತ್ರಿಕೆಯಲ್ಲಿ ‘ನಯೀ ತಾಲೀಂ’ ಕುರಿತು ಐದು ಅಂಕದ ಉತ್ತರ ಬರೆಯುವ ನಾವು, ಅದನ್ನು ಒಂದು ಅವಧಿಯಷ್ಟಾದರೂ ಪರೀಕ್ಷಿಸಿ ನೋಡಲು ದೂರ ಹೋಗಬೇಕಿಲ್ಲ. ಕಸುಬನ್ನು ಪೀಠಿಕೆಯ ಐದು ನಿಮಿಷಕ್ಕೆ ತಂದು ಬಿಟ್ಟರೆ ಅದು ಅಲಂಕಾರ. ಎರಡು ಮನೆಯ ಲೆಕ್ಕ ಬೇರೆಯಾಗಿ, ಯಾವುದು ಸರಿ ಎಂದು ತಿಳಿಯಲು ಸಮೀಕರಣವೇ ಬೇಕಾದಾಗ ಅದು ಪಾಠ.

ಪಾಠ ಯೋಜನೆಗೂ ಇದು ಅನ್ವಯಿಸುತ್ತದೆ. ಹಿರಿಯರ ರೆಕಾರ್ಡ್ ಪುಸ್ತಕದಿಂದ ಐದು ಇ ಮಾದರಿಯ ಯೋಜನೆ ಇಳಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಇಳಿಸಿಕೊಳ್ಳುವುದು ತಪ್ಪೆಂದು ನನಗನಿಸುವುದಿಲ್ಲ. ಅಕ್ಕನೂ ಹೊಸ ಪೇಪರ್ ಮಾಡುವುದಿಲ್ಲ, ಇದ್ದದ್ದನ್ನೇ ಬಳಸುತ್ತಾರೆ. ಆದರೆ ಭುಜ ಯಾವುದು, ಉದ್ದ ಯಾವುದು ಎಂಬುದು ಅವರಿಗೆ ಗೊತ್ತು. ಅಖಿಲಾಳ ಲೆಕ್ಕದಲ್ಲಿ ಭುಜವೆಂದರೆ ಎರಡು ಅಜ್ಞಾತಗಳು, ಎರಡು ನಿಬಂಧನೆಗಳು, ಎರಡನ್ನೂ ತೃಪ್ತಿಪಡಿಸುವ ಒಂದು ಬಿಂದು. ಅದನ್ನು ಇಟ್ಟುಕೊಂಡರೆ ಜಾತ್ರೆಯನ್ನು ಹೊಲಿಗೆಗೆ ಬದಲಿಸಬಹುದು. ಭತ್ತದ ಊರಿನಲ್ಲಿ ಗೊಬ್ಬರಕ್ಕೆ, ಬಸ್ಸಿನ ಪಾಸಿಗೂ ಬದಲಿಸಬಹುದು. ಭುಜವನ್ನೇ ಬಿಟ್ಟು ಚಟುವಟಿಕೆಯ ಹೆಸರು ಮಾತ್ರ ತಂದರೆ ಅದು ಕೂರುವುದಿಲ್ಲ.

ಆ ಹುಡುಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಘಟಕ ಪರೀಕ್ಷೆಯಲ್ಲಿ ಅವಳು ನಕ್ಷೆಯ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಳು. ವರ್ಜಿಸುವ ವಿಧಾನದಲ್ಲಿ ಕೂಡು, ಕಳೆ ಚಿಹ್ನೆ ಇನ್ನೂ ತಪ್ಪುತ್ತಾಳೆ. ಅದಕ್ಕೆ ಬೇರೆ ಅಭ್ಯಾಸ ಬೇಕು, ಒಂದು ಒಳ್ಳೆಯ ಸಂದರ್ಭ ಅದನ್ನು ಸರಿಪಡಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಮನೆಯ ಮಿಷನ್ನಿಗೋ ನಂಜನಗೂಡಿನ ಯಾವುದಾದರೂ ಗಾರ್ಮೆಂಟ್ಸ್‌ಗೋ ಎಂದು ಅವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು. ಮೂರನೆಯ ಅವಧಿ ಮುಗಿದು ನಾನು ಉಡುಪುಗಳನ್ನು ಮಡಿಸುತ್ತಿದ್ದಾಗ ಹತ್ತಿರ ಬಂದು ಕೇಳಿದಳು: “ಮಿಸ್, ಇದು ಸಮೀಕರಣ ಅಂತ ನಮ್ಮಮ್ಮಂಗೆ ಗೊತ್ತೇ ಇಲ್ವಲ್ಲ. ಆದ್ರೂ ಅವ್ರುದು ಹೆಂಗೆ ಸರಿ ಬಂತು?”

ನಿಮ್ಮಮ್ಮ ನೂರಾರು ರವಿಕೆ ಹೊಲಿದು, ಬಿಗಿಯಾದದ್ದನ್ನೂ ಜೋಲಿದ್ದನ್ನೂ ನೋಡಿ, ಆ ಎಂಟು, ಆ ಎರಡೂವರೆಗೆ ಬಂದು ನಿಂತಿದ್ದಾರೆ; ಸಮೀಕರಣ ಅವರ ಕೈಯಲ್ಲಿ ಮೊದಲೇ ಇತ್ತು, ನಾವು ಅದನ್ನು ಹಾಳೆಯ ಮೇಲೆ ಬರೆದೆವು, ಅಷ್ಟೇ ಎಂದೆ. ಬರೆದದ್ದರಿಂದ ಏನು ಲಾಭ ಎಂದು ಅವಳೇ ಮುಂದೆ ಕೇಳಿದಳು. ಬರೆದರೆ ನೀನು ನೂರು ರವಿಕೆ ಹೊಲಿಯುವ ಮೊದಲೇ 40ರ ಅಳತೆಯಲ್ಲಿ ಯಾವ ಲೆಕ್ಕ ಕೈಕೊಡುತ್ತದೆಂದು ನೋಡಬಹುದು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ತೋಳಿಗೂ ಬರೀಬೋದಾ?” ಎಂದಳು. ತೋಳಿನ ಅಳತೆಗಳನ್ನು ಮರುದಿನ ತಂದಳು.